ನಮ್ಮೂರ ಕಲ್ಲು ಏನು ಹೇಳುತ್ತದೆ?

ಅಕ್ಕಂದಿರೇ, ತಂಗಿಯರೇ, ತಾಯಂದಿರೇ,



ನೀವೀಗ ಓದು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ರೇಷನ್ ಕಾರ್ಡು ಓದುತ್ತೀರಿ. ಇವತ್ತು ಇನ್ನೊಂದು ಓದಿನ ವಿಷಯ ಹೇಳ್ತೀನಿ. ಅದಕ್ಕೆ ಪುಸ್ತಕ ಬೇಡ, ದುಡ್ಡೂ ಬೇಡ. ಅದು ಊರಿನ ಕಲ್ಲುಗಳ ಓದು.

ಕೆರೆ ಏರಿಯ ಮೇಲೆ, ಗುಡಿ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಹಳೇ ಕಲ್ಲುಗಳು ನಿಂತಿರುತ್ತವೆ. ಕತ್ತಿ ಹಿಡಿದು ಕಾದಾಡುವವನ ಚಿತ್ರ ಇದ್ದರೆ ಅದು ವೀರಗಲ್ಲು. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವರ ನೆನಪಿಗೆ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಬಳೆ ತೊಟ್ಟ ಕೈ ಮೇಲೆತ್ತಿದ ಹಾಗೆ ಕೆತ್ತಿದ್ದರೆ ಅದು ಮಾಸ್ತಿಕಲ್ಲು. ಗಂಡ ಸತ್ತಾಗ ಚಿತೆ ಏರಿದ ಹೆಂಗಸಿನ ಕಲ್ಲು ಅದು. ಕಲ್ಲಿನ ತುಂಬ ಅಕ್ಷರ ಇದ್ದರೆ ಅದು ಶಾಸನ. ಕೆರೆ ಕಟ್ಟಿಸಿದವರು, ಗುಡಿ ಕಟ್ಟಿಸಿದವರು, ಹೊಲ ದಾನ ಕೊಟ್ಟವರು ಯಾರು ಅಂತ ಅದರಲ್ಲಿ ಬರೆದಿರುತ್ತೆ. ಮೇಲುಗಡೆ ಸೂರ್ಯ ಚಂದ್ರ ಇರುತ್ತವೆ. ಅವು ಇರೋವರೆಗೂ ಈ ದಾನ ನಡೀಲಿ ಅಂತ ಅರ್ಥ.

ಇದೆಲ್ಲಾ ರಾಜರ ಕಥೆ, ನಮಗೇನು ಅನ್ನಬೇಡಿ. ಕಲ್ಲಿನಲ್ಲಿ ಹೆಂಗಸರೂ ಇದ್ದಾರೆ.

ಗದಗ ಜಿಲ್ಲೆಯಲ್ಲಿ ಲಕ್ಕುಂಡಿ ಅಂತ ಊರಿದೆ. ಅಲ್ಲಿ ಒಂದು ಹಳೇ ಜೈನ ಬಸದಿ ಇದೆ. ಅದನ್ನು ಕಟ್ಟಿಸಿದವಳು ಅತ್ತಿಮಬ್ಬೆ. 1007ನೇ ಇಸವಿಯ ಶಾಸನ ಅವಳನ್ನು ಹೊಗಳುತ್ತದೆ. ಅವಳ ಗಂಡ ನಾಗದೇವ ಯುದ್ಧದಲ್ಲಿ ಸತ್ತ. ಅಕ್ಕ ತಂಗಿ ಇಬ್ಬರೂ ಅವನ ಹೆಂಡತಿಯರು. ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅಕ್ಕ ಅತ್ತಿಮಬ್ಬೆ ಬದುಕಿ ಉಳಿದು ಮಗನನ್ನು ಸಾಕಿದಳು. ಪೊನ್ನ ಕವಿಯ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಆಗ ಅಚ್ಚಿನ ಯಂತ್ರ ಇರಲಿಲ್ಲ. ಒಂದೊಂದು ಪ್ರತಿಯನ್ನೂ ಓಲೆಗರಿ ಮೇಲೆ ಕೈಯಲ್ಲೇ ಬರೀಬೇಕಿತ್ತು. ಸಾವಿರ ವರ್ಷದ ಹಿಂದೆ ಒಬ್ಬ ವಿಧವೆ ಪುಸ್ತಕ ಹಂಚಿದಳು. ಇದು ಸಣ್ಣ ಮಾತೇ?

ಹಾಸನ ಜಿಲ್ಲೆಯ ಬೇಲೂರಿಗೆ ಹೋದರೆ ಎಲ್ಲರೂ ದೊಡ್ಡ ಗುಡಿ ನೋಡುತ್ತಾರೆ. ಅದೇ ಅಂಗಳದಲ್ಲಿ ಚೆನ್ನಿಗರಾಯನ ಗುಡಿಯೂ ಇದೆ. ಅದನ್ನು ಕಟ್ಟಿಸಿದವಳು ರಾಣಿ ಶಾಂತಲೆ. ಅದು 1117ನೇ ಇಸವಿಯ ಮಾತು.

ಕಟ್ಟಿಸಿದವರನ್ನು ನೆನೆಯೋದು ಗುಡಿ ಬಸದಿಯಲ್ಲಿ ಮಾತ್ರ ಅಲ್ಲ. ಮಸೀದಿ, ಚರ್ಚು, ಶಾಲೆ, ಆಸ್ಪತ್ರೆಗಳಲ್ಲೂ ಕಲ್ಲು ಇರುತ್ತವೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು. ಕ್ರೈಸ್ತರ ಚರ್ಚಿಗೆ ಹಿಂದೂ ರಾಜರ ಅಡಿಗಲ್ಲು! ನಾವು ಹೇಗೆ ಕೂಡಿ ಬಾಳಿದ್ದೆವು ಅನ್ನೋದು ಇದರಿಂದ ತಿಳಿಯುತ್ತದೆ.

ಶಾಸನದ ಅಕ್ಷರ ಓದಲು ಆಗದಿದ್ದರೆ ಬೇಜಾರು ಬೇಡ. ಅದೂ ಕನ್ನಡವೇ. ಆದರೆ ಕಾಲ ಕಳೆದ ಹಾಗೆ ಅಕ್ಷರದ ರೂಪ ಬದಲಾಗಿದೆ. ತುಂಬಾ ಓದಿದವರಿಗೂ ಅದು ಕಷ್ಟವೇ. ಕೆಲವು ಕಡೆ ಪಕ್ಕದಲ್ಲೇ ಈಗಿನ ಕನ್ನಡದ ಫಲಕ ಇರುತ್ತದೆ. ಅದನ್ನು ಓದಿ.

ಮೊದಲು ಹೊಸ ಕಲ್ಲಿನಿಂದ ಶುರು ಮಾಡಿ. ಶಾಲೆ ಗೋಡೆ ನೋಡಿ. ಬಾವಿ ಕಟ್ಟೆ ನೋಡಿ. ಪಂಚಾಯಿತಿ ಕಟ್ಟಡ ನೋಡಿ. ಯಾವ ವರ್ಷ? ಯಾರು ಕಟ್ಟಿಸಿದರು? ಜಾಗ ಕೊಟ್ಟವರು ಯಾರು? ಪಂಚಾಯಿತಿಯಲ್ಲಿ ಈಗ ನಮಗೆ ಅರ್ಧದಷ್ಟು ಸ್ಥಾನ ಇದೆ. ಹಾಗಾದರೆ ಹೊಸ ಕಲ್ಲಿನ ಮೇಲೆ ಸದಸ್ಯೆಯ ಹೆಸರು ಇದೆಯೋ, ಅವಳ ಗಂಡನ ಹೆಸರು ಇದೆಯೋ? ಅದನ್ನೂ ಓದಿ ನೋಡಿ.

ಇನ್ನೂ ಒಂದು ಮಾತು. ಕಲ್ಲಿನ ಮೇಲೆ ಇಲ್ಲದ ಹೆಸರುಗಳೂ ಇವೆ. ಬಾವಿಯ ಮಣ್ಣು ಹೊತ್ತವರು ಯಾರು? ಶಾಲೆಗೆ ಇಟ್ಟಿಗೆ ಹೊತ್ತವರು ಯಾರು? ಬಹಳ ಕಡೆ ನಮ್ಮ ಅಜ್ಜಿ, ನಮ್ಮ ಅವ್ವ. ಕಲ್ಲು ಕೆತ್ತಿಸುವ ಶಕ್ತಿ ಅವರಿಗೆ ಇರಲಿಲ್ಲ. ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ. ನಿಮಗೆ ಬರುತ್ತದೆ. ಊರಿನ ಹಿರಿಯರನ್ನು ಕೇಳಿ. ಅವರು ಹೇಳಿದ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅವರು ಇರುವಾಗಲೇ ಕೇಳಿ. ಹೋದ ಮೇಲೆ ಹೇಳುವವರು ಇರೋದಿಲ್ಲ.

ಹಳೇ ಕಲ್ಲಿನ ಮೇಲೆ ಬಟ್ಟೆ ಒಗೆಯಬೇಡಿ. ಸುಣ್ಣ, ಬಣ್ಣ ಬಳಿಯಬೇಡಿ. ನಿಧಿ ಇದೆ ಅಂತ ಅಗೆಯುವವರನ್ನು ತಡೆಯಿರಿ. ಅದರ ಕೆಳಗೆ ಚಿನ್ನ ಇಲ್ಲ. ಮೇಲಿರುವ ಅಕ್ಷರವೇ ಚಿನ್ನ. ರಸ್ತೆ ಮಾಡುವಾಗ, ಮನೆ ಕಟ್ಟುವಾಗ ಅಂಥ ಕಲ್ಲು ಸಿಕ್ಕರೆ ಪಂಚಾಯಿತಿಗೆ ತಿಳಿಸಿ.

ಮುಂದಿನ ವಾರ ಬರುವಾಗ ಒಬ್ಬೊಬ್ಬರೂ ಒಂದು ಕಲ್ಲು ಓದಿಕೊಂಡು ಬನ್ನಿ. ಅದರಲ್ಲಿ ಇಲ್ಲದ ಒಂದು ಹೆಸರನ್ನೂ ಬರೆದುಕೊಂಡು ಬನ್ನಿ. ಎಲ್ಲರೂ ಕೂತು ಜೋರಾಗಿ ಓದೋಣ.