ಪ್ರಶ್ನೆ ಕೇಳುವ ವಿದ್ಯೆ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವೈದ್ಯಕೀಯ ಸ್ನಾತಕೋತ್ತರ ತರಬೇತಿಯಲ್ಲಿರುವ ಮಕ್ಕಳು, ಸೊಸೆಯಂದಿರು, ಅಳಿಯಂದಿರು ನಮ್ಮ ಮನೆಗಳಲ್ಲಿ ಅನೇಕರಿದ್ದಾರೆ. ಅವರಿಗೂ, ರಾತ್ರಿ ಊಟಕ್ಕೆ ಅವರ ದಾರಿ ಕಾಯುವ ಮನೆಯವರಿಗೂ ಎರಡು ಮಾತು.

ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆ ಸೇರಿದಾಗ ನಮಗೆ ರೋಗಿಯನ್ನು ಪರೀಕ್ಷಿಸಲು ಬರುತ್ತಿತ್ತು; ಸಂಶೋಧನಾ ಲೇಖನವನ್ನು ಪರೀಕ್ಷಿಸುವುದನ್ನು ಯಾರೂ ಅಷ್ಟಾಗಿ ಕಲಿಸಿರಲಿಲ್ಲ. ನಮ್ಮೂರಲ್ಲಿ ಎಂ.ಡಿ. ಪದವಿಗೆ ಪ್ರಬಂಧ ಕಡ್ಡಾಯ. ಆದರೆ ಬೈಂಡ್ ಆಗಿ ಬೀರು ಸೇರಿದ ಮೇಲೆ ಅದನ್ನು ತೆರೆದು ನೋಡುವವರು ಎಷ್ಟು ಮಂದಿ? 2019ರಲ್ಲಿ ಭಾರತದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಕೋರ್ಸ್ ಕಡ್ಡಾಯವಾಯಿತು. ಇಲ್ಲಿಯೂ ತಜ್ಞರ ತರಬೇತಿಯಲ್ಲಿ ಸಂಶೋಧನಾ ಪ್ರಾಜೆಕ್ಟ್ ಉಂಟು. ಎರಡೂ ಕಡೆ ಅದನ್ನು ಪರೀಕ್ಷೆಯ ಜೊತೆಗೊಂದು ಹೊರೆ ಎಂದು ಭಾವಿಸುವುದೇ ಹೆಚ್ಚು.

ಅದು ಹೊರೆಯಲ್ಲ ಎನ್ನಲು ನಮ್ಮ ಈ ಎರಡು ಊರುಗಳ ಕಥೆಯೇ ಸಾಕು. ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿದ್ದ ಶಿಶುಗಳನ್ನು ಒಂದರ ಮೇಲೊಂದು ಕಂಡರು. ಇಷ್ಟೊಂದು ಏಕೆ ಎಂದು ತಾಯಂದಿರನ್ನೇ ವಿಚಾರಿಸಿದರು. ಬಹುಪಾಲು ತಾಯಂದಿರಿಗೆ ಬಸಿರಿನ ಆರಂಭದಲ್ಲಿ ರುಬೆಲ್ಲಾ ಬಂದಿತ್ತು. ಇತರ ವೈದ್ಯರಿಂದಲೂ ವಿವರ ತರಿಸಿ, 78 ಶಿಶುಗಳ ವರದಿಯನ್ನು 1941ರಲ್ಲಿ ಮೆಲ್ಬರ್ನ್‌ನಲ್ಲಿ ಓದಿದರು. ಎಲ್ಲರೂ ಒಪ್ಪಲಿಲ್ಲ, 1944ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಸಂಶಯಪಟ್ಟಿತು. ವೈದ್ಯರೂ ಸಂಖ್ಯಾಶಾಸ್ತ್ರಜ್ಞರೂ ಆಗಿದ್ದ ಸಿಡ್ನಿಯ ಆಲಿವರ್ ಲ್ಯಾಂಕಾಸ್ಟರ್ ಹಳೆಯ ಜನಗಣತಿಯ ಕಡತ ತೆಗೆದು ಕಿವುಡರ ಹುಟ್ಟಿದ ವರ್ಷಗಳನ್ನು ಎಣಿಸಿದರು. ರುಬೆಲ್ಲಾ ಹಾವಳಿಯ ಕಾಲಕ್ಕೂ ಕಿವುಡು ಮಕ್ಕಳು ಹೆಚ್ಚಾಗಿ ಹುಟ್ಟಿದ ಕಾಲಕ್ಕೂ ತಾಳೆಯಾಯಿತು. ಅವರ ಲೇಖನ 1951ರಲ್ಲಿ ಅಚ್ಚಾಯಿತು. ಒಬ್ಬರು ಕೇಳಿದರು, ಇನ್ನೊಬ್ಬರು ಎಣಿಸಿದರು. ಎರಡೂ ಬೇಕು.

ಮುಂದೆ ಲಸಿಕೆ ಬಂತು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾದ ಮೊದಲ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಸಿಡ್ನಿಯಲ್ಲಿ ಎದ್ದ ಪ್ರಶ್ನೆಯ ಫಲ ನಮ್ಮ ಹಳ್ಳಿಯ ಶಾಲೆಯವರೆಗೂ ಹೋಯಿತು.

ಆದ್ದರಿಂದ ತರಬೇತಿಯ ಮಿತ್ರರೇ, ವಾರ್ಡಿನಲ್ಲಿ ವಿಚಿತ್ರವೆನಿಸಿದ್ದನ್ನು ಬರೆದಿಡಿ. ಅಂಕಿಅಂಶ ಕಲೆಹಾಕುವ ಮೊದಲೇ ಸಂಖ್ಯಾಶಾಸ್ತ್ರ ಬಲ್ಲವರನ್ನು ಕಾಣಿ; ಕೊನೆಯಲ್ಲಿ ಕಂಡರೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ. ನಿರೀಕ್ಷಿಸಿದ ಉತ್ತರ ಬಾರದಿದ್ದರೂ ಬಂದದ್ದನ್ನೇ ಬರೆಯಿರಿ. ಮನೆಯ ಹಿರಿಯರೇ, ಪರೀಕ್ಷೆ ಯಾವಾಗ ಎಂದು ಕೇಳುವುದರ ಜೊತೆಗೆ, ನಿನ್ನ ಪ್ರಶ್ನೆ ಏನಮ್ಮಾ, ಏನಪ್ಪಾ ಎಂದೂ ಕೇಳಿ. ಅದನ್ನು ಕನ್ನಡದಲ್ಲಿ ಅಜ್ಜಿಗೆ ಅರ್ಥವಾಗುವಂತೆ ಹೇಳಬಲ್ಲರಾದರೆ, ಆ ಪ್ರಶ್ನೆ ಅವರಿಗೇ ಸ್ಪಷ್ಟವಾಗಿದೆ ಎಂದು ತಿಳಿಯೋಣ.