ರಾಜಹಂಸದ ನಂಟಸ್ತಿಕೆ

ಆದಿಪಕ್ಷಿಗಳ ಈ ಪ್ರದರ್ಶನವನ್ನು ಸಜ್ಜುಗೊಳಿಸಿದ ಡೊಂಬಿವಲಿಯ ಕನ್ನಡದ ಮಕ್ಕಳೇ,

ಪಕ್ಷಿಕುಲದ ಸಮಗ್ರ ಚರಿತ್ರೆಯನ್ನು ನಿಮ್ಮ ಚಿತ್ರಫಲಕಗಳೇ ಹೇಳುತ್ತಿರುವುದರಿಂದ ನಾನು ಒಂದು ಸಂಗತಿಯನ್ನಷ್ಟೇ ಸೇರಿಸುತ್ತೇನೆ. ನಮ್ಮ ಮುಂಬಯಿಯ ವರಳಿಯ ಶಿಲಾಸ್ತರದಲ್ಲಿ ದೊರೆತ ಪುಟ್ಟ ಕಪ್ಪೆಯೊಂದರ ಪಳೆಯುಳಿಕೆಗೆ 1847ರಲ್ಲಿ ನಾಮಕರಣ ಮಾಡಿದ ರಿಚರ್ಡ್ ಓವೆನ್ ಎಂಬ ಪಂಡಿತನೇ, ಜರ್ಮನಿಯ ಸುಣ್ಣಗಲ್ಲಿನೊಳಗಿಂದ ಬಂದ, ಗರಿಯೊಡನೆ ರೆಕ್ಕೆಯುಗುರುಗಳನ್ನೂ ಎಲುಬಿನ ನೀಳಬಾಲವನ್ನೂ ಹೊತ್ತಿದ್ದ ಆರ್ಕಿಯಾಪ್ಟೆರಿಕ್ಸನ್ನು 1863ರಲ್ಲಿ ವರ್ಣಿಸಿ, ಅದು ಹಕ್ಕಿಯೇ ಸರಿಯೆಂದು ನಿರ್ಣಯಿಸಿದನು.

ಆದರೆ ನನ್ನ ಮನಸ್ಸು ನೆಟ್ಟಿರುವುದು ಠಾಣೆಯ ಖಾರಿಯ, ಎಂದರೆ ಕಡಲ ಹಿನ್ನೀರಿನ, ರಾಜಹಂಸದ (ಫ್ಲೆಮಿಂಗೊ) ಮೇಲೆ. ಐರೋಲಿಯ ದಡದ ಕೆಸರಿನಲ್ಲಿ ಅದು ತಲೆಯನ್ನು ಮೇಲುಕೆಳಗು ಮಾಡಿ, ಬಾಗಿದ ಕೊಕ್ಕನ್ನು ನೀರಿಗಿಳಿಸಿ, ನಾಲಗೆಯಿಂದ ನೀರನ್ನು ಸೆಳೆದು ಹೊರದೂಡುತ್ತ ಸೂಕ್ಷ್ಮ ಪಾಚಿಯನ್ನು ಸೋಸಿ ಉಣ್ಣುವುದನ್ನು ಎಷ್ಟೋ ಚಳಿಗಾಲಗಳ ಬೆಳಗುಗಳಲ್ಲಿ ಕಣ್ತುಂಬ ನೋಡಿದ್ದೇನೆ. ಉದ್ದ ಕಾಲುಗಳನ್ನು ಕಂಡವರು ಇದನ್ನು ಕೊಕ್ಕರೆಗಳ ಗುಂಪಿಗೂ, ಜಾಲಪಾದವನ್ನು ಕಂಡವರು ಬಾತುಗಳ ಗುಂಪಿಗೂ ಸೇರಿಸಿ ಬಹುಕಾಲ ವಾದಿಸಿದರು. ತಳಿವಸ್ತುವಿನ ಪರೀಕ್ಷೆಯಾದ ಮೇಲೆ, 2001ರಲ್ಲಿ, ಇದರ ಹತ್ತಿರದ ಬಂಧುವೆಂದು ಹೊರಬಿದ್ದುದು, ನಮ್ಮ ಊರುಗೆರೆಗಳಲ್ಲಿ ಫಕ್ಕನೆ ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕನ ಕುಲ! ಇವೆರಡರ ಮೊಟ್ಟೆಗೂ ಸುಣ್ಣದಂಥ ಲೇಪವಿದೆ. ಫ್ರಾನ್ಸಿನ ಮಿಲ್ನ್-ಎಡ್ವರ್ಡ್ಸ್ ಅದೇ 1863ರಲ್ಲಿ ಹೆಸರಿಟ್ಟ ಪ್ಯಾಲಿಲೋಡಸ್ ಎಂಬ ಲುಪ್ತಪಕ್ಷಿಯಂತೂ ನೇರವಾದ ಕೊಕ್ಕನ್ನೂ ಈಜುಗಾಲನ್ನೂ ಪಡೆದು ಈ ಎರಡು ಕುಲಗಳ ನಡುವೆ ನಿಂತಂತಿದೆ. ಹೊರರೂಪವನ್ನೇ ನಂಬಿ ಕುಲನಿರ್ಣಯ ಮಾಡುವವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆಯನ್ನು ನಾನು ಕಾಣೆ.

ರಾಜಹಂಸ ಮೇಯುವ ಈ ಖಾರಿಯು 2015ರಲ್ಲಿ ಅಭಯಾರಣ್ಯವೆಂದು ಘೋಷಿತವಾಗಿ, 2022ರಲ್ಲಿ ರಾಮ್ಸಾರ್ ತಾಣವೂ ಆಯಿತು. ಅಷ್ಟರಿಂದಲೇ ಹಕ್ಕಿ ಉಳಿಯದು. ಉಬ್ಬರದಲ್ಲಿ ಖಾರಿಯ ಕೆಸರು ಮುಳುಗಿದಾಗ ರಾಜಹಂಸಗಳು ನವಿ ಮುಂಬಯಿಯ ತೇವಭೂಮಿಗಳಿಗೆ ಬಂದು ತಂಗುತ್ತವೆ. ಅಲ್ಲಿನ ನೆರೂಳಿನ ಕೆರೆಯೊಂದು 2024ರಲ್ಲಿ ಸಮುದ್ರದ ನೀರು ಬರುವ ದಾರಿ ಕಟ್ಟಿಹೋಗಿ ಒಣಗಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೋಟಿಗಟ್ಟಲೆ ವರ್ಷಗಳ ವಂಶವೊಂದು ಮುಚ್ಚಿದ ಒಂದು ಕಾಲುವೆಯಿಂದ ನೆಲೆಗೆಡುವುದು ನ್ಯಾಯವೇ?

ಪ್ರದರ್ಶನವು ಉದ್ಘಾಟನೆಗೊಂಡಿತೆಂದು ಸಂತೋಷದಿಂದ ಸಾರುತ್ತೇನೆ. ಹಿರಿಯರಲ್ಲಿ ನನ್ನ ಬೇಡಿಕೆ ಒಂದೇ: ಕಲ್ಯಾಣದಿಂದ ನೆರೂಳಿನವರೆಗೆ ನಿಮ್ಮ ನಿಮ್ಮ ಬಡಾವಣೆಯ ಕೆರೆಗೆ ಮಣ್ಣು ತುಂಬುವುದನ್ನಾಗಲಿ, ಉಬ್ಬರದ ಕಾಲುವೆ ಮುಚ್ಚುವುದನ್ನಾಗಲಿ ಕಂಡಕೂಡಲೇ ನಗರಪಾಲಿಕೆಗೆ ಲಿಖಿತ ದೂರು ಕೊಡಿರಿ, ಉತ್ತರ ಬರುವವರೆಗೆ ಬಿಡಬೇಡಿರಿ.