ಮೂವತ್ತು ದಿನಗಳೊಳಗೆ ಒಂದು ಚಿತ್ರ



ದಿನ ತುಂಬುವ ಮೊದಲೇ ಜನಿಸಿದ ಒಂದು ಮಗುವನ್ನು ಕಲ್ಪಿಸಿಕೊಳ್ಳಬಹುದು. ಹುಟ್ಟಿದಾಗ ಅದರ ತೂಕ ಒಂದೂವರೆ ಕಿಲೋಗ್ರಾಮಿಗೂ ಕಡಿಮೆ. ಆಸ್ಪತ್ರೆಯ ನವಜಾತ ಶಿಶು ವಿಭಾಗದಲ್ಲಿ ಮೂರು ವಾರ ಕಳೆದು, ಪ್ರಾಣಾಪಾಯದಿಂದ ಪಾರಾಗಿ ಅದು ಮನೆಗೆ ಬಂದಿದೆ. ಹಾಲು ಕುಡಿಯುತ್ತಿದೆ, ತೂಕ ಏರುತ್ತಿದೆ, ಕಣ್ಣುಗಳು ನಿರ್ಮಲವಾಗಿ ಹೊಳೆಯುತ್ತಿವೆ. ತಂದೆತಾಯಿಗಳು ನಿಟ್ಟುಸಿರು ಬಿಟ್ಟಿದ್ದಾರೆ. ಆದರೆ ಅದೇ ದಿನಗಳಲ್ಲಿ ಆ ಕಣ್ಣುಗಳ ಒಳಭಾಗದಲ್ಲಿ ಶಾಶ್ವತ ಅಂಧತ್ವವನ್ನು ತರಬಲ್ಲ ರೋಗವೊಂದು ಸದ್ದಿಲ್ಲದೆ ಬೆಳೆಯುತ್ತಿರಬಹುದು. ಹೊರನೋಟಕ್ಕೆ ಅದರ ಯಾವ ಕುರುಹೂ ಕಾಣುವುದಿಲ್ಲ.

ಈ ರೋಗವನ್ನು ವೈದ್ಯರು ಆರ್.ಓ.ಪಿ. ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ರೋಗ ಎಂಬುದು ಇದರ ಅರ್ಥ. ಅಕ್ಷಿಪಟಲವೆಂದರೆ ಕಣ್ಣಿನ ಹಿಂಭಾಗದಲ್ಲಿದ್ದು ಬೆಳಕನ್ನು ಗ್ರಹಿಸುವ ತೆಳುವಾದ ಪೊರೆ, ಅಂದರೆ ರೆಟಿನಾ. ಗರ್ಭದಲ್ಲಿ ಸುಮಾರು ಹದಿನಾರನೆಯ ವಾರದಿಂದ ಇದರ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಹರಡತೊಡಗುತ್ತವೆ. ಈ ಬೆಳವಣಿಗೆ ಪೂರ್ಣಗೊಳ್ಳುವುದು ಒಂಬತ್ತು ತಿಂಗಳು ತುಂಬುವ ವೇಳೆಗೆ. ಮಗು ಬೇಗ ಹುಟ್ಟಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮುಂದೆ ಅಲ್ಲಿ ದುರ್ಬಲವಾದ, ಅಡ್ಡಾದಿಡ್ಡಿಯಾದ ಹೊಸ ನಾಳಗಳು ಬೆಳೆದು ಅಕ್ಷಿಪಟಲವನ್ನು ಎಳೆಯುತ್ತವೆ. ರೋಗ ಉಲ್ಬಣಿಸಿದಲ್ಲಿ ಅಕ್ಷಿಪಟಲವೇ ತನ್ನ ಸ್ಥಾನದಿಂದ ಕಳಚಿಕೊಳ್ಳುತ್ತದೆ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೂ ಉಪಯುಕ್ತ ದೃಷ್ಟಿ ಮರಳುವುದು ವಿರಳ.

ಈ ರೋಗವನ್ನು ಮೊದಲು ವರ್ಣಿಸಿದವರು ಅಮೆರಿಕದ ಬಾಸ್ಟನ್ ನಗರದ ಡಾ. ಥಿಯೋಡರ್ ಟೆರಿ, 1942ರಲ್ಲಿ. ಶಿಶುಗಳಿಗೆ ಮಿತಿಯಿಲ್ಲದೆ ಆಮ್ಲಜನಕ ನೀಡುವುದಕ್ಕೂ ಈ ಅಂಧತ್ವಕ್ಕೂ ಸಂಬಂಧವುಂಟೆಂಬುದು 1950ರ ದಶಕದಲ್ಲಿ ದೃಢಪಟ್ಟಿತು. ಆಮ್ಲಜನಕವಿಲ್ಲದೆ ಈ ಮಕ್ಕಳು ಬದುಕುವುದು ಕಷ್ಟ. ಅದು ಮಿತಿಮೀರಿದರೆ ಕಣ್ಣಿಗೆ ಅಪಾಯ. ಆದುದರಿಂದಲೇ ಇಂದು ನವಜಾತ ಶಿಶು ಘಟಕಗಳಲ್ಲಿ ಆಮ್ಲಜನಕದ ಪ್ರಮಾಣವನ್ನು ಸತತವಾಗಿ ಅಳೆಯುತ್ತಾ ನೀಡಲಾಗುತ್ತದೆ.

ಭಾರತದಲ್ಲಿ ಸಮಸ್ಯೆಗೆ ಮತ್ತೊಂದು ಮುಖವಿದೆ. 2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುನ್ನ ಜನಿಸಿದರೆಂದು ಅಂದಾಜು ಮಾಡಲಾಗಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ವಿಶೇಷ ನವಜಾತ ಶಿಶು ಆರೈಕೆ ಘಟಕಗಳು ಸ್ಥಾಪನೆಯಾದ ಫಲವಾಗಿ, ಹಿಂದೆ ಬದುಕದಿದ್ದ ಅತಿ ಸಣ್ಣ ಶಿಶುಗಳು ಇಂದು ಬದುಕುತ್ತಿವೆ. ಇದು ಹೆಮ್ಮೆಯ ಸಾಧನೆ. ಜೀವ ಉಳಿಸಿದ ವ್ಯವಸ್ಥೆಯೇ ಆ ಜೀವದ ದೃಷ್ಟಿಯನ್ನೂ ಕಾಯಬೇಕಾದುದು ಅದರ ಮುಂದಿನ ಕರ್ತವ್ಯ.

ಈ ಕರ್ತವ್ಯವನ್ನು ಬಹು ಮೊದಲೇ ಕೈಗೆತ್ತಿಕೊಂಡ ನಗರಗಳಲ್ಲಿ ಹೈದರಾಬಾದ್ ಒಂದು. ಅಲ್ಲಿ 1987ರಲ್ಲಿ ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ ಅವರ ನೇತೃತ್ವದಲ್ಲಿ ಆರಂಭವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯು, ಡಾ. ಸುಭದ್ರಾ ಜಲಾಲಿ ಅವರ ಮುಂದಾಳತ್ವದಲ್ಲಿ 1997ರಲ್ಲಿ ಹೈದರಾಬಾದ್ ಮತ್ತು ಸಿಕಂದರಾಬಾದ್ ಅವಳಿ ನಗರಗಳಿಗಾಗಿ ತಪಾಸಣಾ ಕಾರ್ಯಕ್ರಮವೊಂದನ್ನು ಆರಂಭಿಸಿತು. ಅದರ ಮೂಲತತ್ತ್ವ ಸರಳ: ಪುಟ್ಟ ಶಿಶುವನ್ನು ಕಣ್ಣಿನ ಆಸ್ಪತ್ರೆಗೆ ಕರೆಸುವ ಬದಲು, ಕಣ್ಣಿನ ವೈದ್ಯರೇ ಶಿಶು ಇರುವಲ್ಲಿಗೆ ಹೋಗಬೇಕು.

ಹೈದರಾಬಾದಿನ ಈ ಅನುಭವದಿಂದ ಮಹತ್ವದ ಪಾಠವೊಂದು ದೊರೆಯಿತು. ಪಾಶ್ಚಾತ್ಯ ದೇಶಗಳಲ್ಲಿ ತೀರಾ ಕಡಿಮೆ ತೂಕದ ಮಕ್ಕಳನ್ನು ಮಾತ್ರ ಪರೀಕ್ಷಿಸುವ ರೂಢಿಯಿತ್ತು. ಅದೇ ಅಳತೆಗೋಲನ್ನು ಇಲ್ಲಿಯೂ ಅನುಸರಿಸಿದ್ದರೆ ತೀವ್ರ ರೋಗವುಳ್ಳ ಹಲವು ಮಕ್ಕಳು ತಪಾಸಣೆಯಿಂದ ಹೊರಗೆ ಉಳಿಯುತ್ತಿದ್ದರೆಂದು ಡಾ. ಜಲಾಲಿ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಭಾರತದ ಶಿಶುಗಳಿಗೆ ಭಾರತದ್ದೇ ಮಾನದಂಡ ಬೇಕಾಯಿತು. ಇಂದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಾರ್ಗಸೂಚಿಯಂತೆ, 2000 ಗ್ರಾಮಿಗಿಂತ ಕಡಿಮೆ ತೂಕದ ಅಥವಾ 34 ವಾರಗಳಿಗೆ ಮುನ್ನ ಹುಟ್ಟಿದ ಎಲ್ಲ ಶಿಶುಗಳಿಗೂ ಈ ಪರೀಕ್ಷೆ ಅವಶ್ಯಕ.

ಪರೀಕ್ಷೆಯ ವಿಧಾನದಲ್ಲಿಯೂ ದೊಡ್ಡ ಬದಲಾವಣೆಯಾಗಿದೆ. ವೈದ್ಯರು ತಲೆಗೆ ದೀಪದ ಉಪಕರಣವನ್ನು ಧರಿಸಿ, ಮಸೂರದ ಮೂಲಕ ನೋಡುವ ಕ್ರಮ ಈಗಲೂ ಇದೆ. ಅದಕ್ಕೆ ನುರಿತ ತಜ್ಞರು ಬೇಕು. ಅಂತಹ ತಜ್ಞರು ಕೆಲವೇ ಮಂದಿ. ಈ ಕೊರತೆಯನ್ನು ತುಂಬಲು ನೆರವಾದುದು ವಿಶಾಲ ಕೋನದ ಡಿಜಿಟಲ್ ಕ್ಯಾಮೆರಾ. ಮಗುವಿನ ಕಣ್ಣಿಗೆ ಪಾಪೆ ಅಗಲವಾಗುವ ಹನಿ, ನೋವು ತಿಳಿಯದಿರುವ ಹನಿ ಹಾಕಿ, ಕ್ಯಾಮೆರಾದ ತುದಿಯನ್ನು ಮೃದುವಾದ ಲೇಪದ ಮೇಲೆ ಇಟ್ಟಾಗ ಸುಮಾರು 130 ಡಿಗ್ರಿ ವಿಸ್ತಾರದ ಚಿತ್ರ ದೊರೆಯುತ್ತದೆ. ಇಲ್ಲಿ ಬಳಸುವುದು ಕೇವಲ ಬೆಳಕು. ಕ್ಷ-ಕಿರಣದ ಪ್ರಶ್ನೆಯೇ ಇಲ್ಲ. ಚಿತ್ರವನ್ನು ಕಾದಿಡಬಹುದು, ಮುಂದಿನ ವಾರದ ಚಿತ್ರದೊಡನೆ ಹೋಲಿಸಬಹುದು, ದೂರದ ತಜ್ಞರಿಗೆ ಕಳುಹಿಸಬಹುದು. ತಾಯಿಗೂ ತೋರಿಸಬಹುದು. ಹೊಳೆಯುವ ಕಣ್ಣಿನೊಳಗೆ ರೋಗವಿದೆ ಎಂಬ ಮಾತನ್ನು ನಂಬುವುದು ಹೆತ್ತವರಿಗೆ ಕಷ್ಟ. ಚಿತ್ರವನ್ನು ಕಂಡ ಮೇಲೆ ಆ ಸಂಶಯಕ್ಕೆ ಎಡೆಯಿರುವುದಿಲ್ಲ.

ಚಿತ್ರವನ್ನು ದೂರಕ್ಕೆ ಕಳುಹಿಸುವ ಈ ಅನುಕೂಲವನ್ನು ಗ್ರಾಮಾಂತರ ಪ್ರದೇಶಕ್ಕೆ ಒಯ್ದ ಕೀರ್ತಿ ಕರ್ನಾಟಕದ್ದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರು 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿರಿಸಿಕೊಂಡು ಜಿಲ್ಲೆಗಳ ಶಿಶು ಘಟಕಗಳಿಗೆ ತೆರಳುತ್ತಾರೆ. ಅವರು ತೆಗೆದ ಚಿತ್ರಗಳನ್ನು ತಜ್ಞರು ದೂರದಿಂದಲೇ ಪರಿಶೀಲಿಸಿ ಅಭಿಪ್ರಾಯ ತಿಳಿಸುತ್ತಾರೆ.

ಗಣಕಯಂತ್ರಕ್ಕೆ ಚಿತ್ರಗಳನ್ನು ಓದಲು ಕಲಿಸುವ ಸಂಶೋಧನೆಯೂ ಮುಂದುವರಿದಿದೆ. ರಕ್ತನಾಳಗಳ ಅಸಹಜ ಉಬ್ಬು ಮತ್ತು ಸುರುಳಿಗಳನ್ನು ಯಂತ್ರವು ತಜ್ಞರಿಗೆ ಸರಿಸಮಾನವಾಗಿ ಗುರುತಿಸಬಲ್ಲದೆಂದು 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಆದರೂ ಚಿಕಿತ್ಸೆಯ ನಿರ್ಧಾರ ವೈದ್ಯರದೇ. ಅದಕ್ಕೂ ಮುಖ್ಯವಾಗಿ, ಕ್ಯಾಮೆರಾದ ಮುಂದೆ ಬಾರದ ಮಗುವಿಗೆ ಯಾವ ಯಂತ್ರವೂ ನೆರವಾಗಲಾರದು.

ಇಲ್ಲಿಯೇ ಮನೆಯವರ ಹೊಣೆ ಆರಂಭವಾಗುತ್ತದೆ. ಹುಟ್ಟಿದ ಮೂವತ್ತು ದಿನಗಳೊಳಗೆ ಮೊದಲ ಪರೀಕ್ಷೆ ನಡೆಯಲೇಬೇಕು. 28 ವಾರಗಳಿಗೆ ಮುನ್ನ ಹುಟ್ಟಿದ ಅಥವಾ 1200 ಗ್ರಾಮಿಗಿಂತ ಕಡಿಮೆ ತೂಕದ ಶಿಶುವಿಗಾದರೆ ಎರಡು-ಮೂರು ವಾರಗಳಲ್ಲೇ ಆಗಬೇಕು. ಹೈದರಾಬಾದಿನ ವೈದ್ಯರು 'ತೀಸ್ ದಿನ್ ರೋಶನಿ ಕೇ', ಎಂದರೆ ಬೆಳಕಿಗಾಗಿ ಮೂವತ್ತು ದಿನ, ಎಂಬ ಘೋಷಣೆಯ ಮೂಲಕ ಈ ಸಂದೇಶವನ್ನು ಸಾರಿದ್ದಾರೆ. ಆದರೆ ಆ ಮೂವತ್ತನೆಯ ದಿನವು ಬಾಣಂತನದ ಅವಧಿಯೊಳಗೇ ಬರುತ್ತದೆ. ಬಾಣಂತಿ ತವರಿನಲ್ಲಿರುತ್ತಾಳೆ, ಹಸುಗೂಸನ್ನು ಗಾಳಿಗೆ ಒಡ್ಡಬಾರದೆಂದು ಹಿರಿಯರು ಹೇಳುತ್ತಾರೆ. ಅವರ ಕಾಳಜಿ ಸಹಜವಾದುದೇ. ಮಗುವನ್ನು ಬೆಚ್ಚಗೆ ಹೊದಿಸಿ ಕರೆದೊಯ್ಯುವುದರಿಂದ ಆ ಕಾಳಜಿಗೂ ಭಂಗವಿಲ್ಲ, ತಪಾಸಣೆಯೂ ತಪ್ಪುವುದಿಲ್ಲ.

ಒಮ್ಮೆ ಪರೀಕ್ಷಿಸಿದರೆ ಮುಗಿಯಿತೆಂದು ಭಾವಿಸಲಾಗದು. ಅಕ್ಷಿಪಟಲದ ಬೆಳವಣಿಗೆ ಪೂರ್ಣಗೊಂಡಿತೆಂದು ವೈದ್ಯರು ಹೇಳುವವರೆಗೆ ಅವರು ಸೂಚಿಸಿದ ದಿನಗಳಂದು ಮತ್ತೆ ಮತ್ತೆ ಹೋಗಬೇಕು. ಎಲ್ಲ ಮಕ್ಕಳಿಗೂ ಚಿಕಿತ್ಸೆ ಬೇಕಾಗುವುದಿಲ್ಲ. ಬಹುಪಾಲು ಮಕ್ಕಳಲ್ಲಿ ರೋಗ ತಾನಾಗಿಯೇ ಶಮನವಾಗುತ್ತದೆ. ಚಿಕಿತ್ಸೆ ಬೇಕೆಂದು ವೈದ್ಯರು ತಿಳಿಸಿದರೆ ಎರಡು-ಮೂರು ದಿನಗಳೊಳಗೆ ಲೇಸರ್ ಕಿರಣಗಳಿಂದ ಅಥವಾ ಕಣ್ಣಿನೊಳಗೆ ನೀಡುವ ಚುಚ್ಚುಮದ್ದಿನಿಂದ ಅದು ನಡೆಯಬೇಕು.

ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದ್ ದೂರದ ಊರಲ್ಲ. ಊರು ಯಾವುದೇ ಇರಲಿ, ಶಿಶು ಘಟಕದಿಂದ ಮಗುವನ್ನು ಮನೆಗೆ ಕರೆತರುವ ದಿನ ಹೆತ್ತವರು ಕೇಳಲೇಬೇಕಾದ ಪ್ರಶ್ನೆ ಒಂದೇ: "ಮಗುವಿನ ಕಣ್ಣಿನ ಪರೀಕ್ಷೆ ಯಾವ ದಿನ, ಎಲ್ಲಿ?" ಉತ್ತರವನ್ನು ಬಿಡುಗಡೆಯ ಚೀಟಿಯ ಮೇಲೆ ಬರೆಯಿಸಿಕೊಳ್ಳಬೇಕು. ಆ ಒಂದು ದಿನಾಂಕವನ್ನು ನೆನಪಿನಲ್ಲಿಟ್ಟುಕೊಂಡರೆ ಒಂದು ಮಗುವಿನ ಬಾಳಿನ ಬೆಳಕು ಉಳಿದೀತು.